ಮೂಲವ್ಯಾಧಿಯ ರಕ್ತಸ್ರಾವ: ಧಮನಿಯನ್ನು ಮುಚ್ಚುವ ಹೊಸ ಚಿಕಿತ್ಸೆ

ಈ ಲೇಖನದ ತಲೆಬರಹವನ್ನು ಕಂಡೊಡನೆ ಕೆಲವು ಗೆಳೆಯರು ನಗುವರೆಂಬುದನ್ನು ನಾನು ಬಲ್ಲೆ. ಈ ಸಲದ ವಾರ್ಷಿಕ ಸಂಚಿಕೆಗೆ ಏನು ಬರೆಯುವೆ ಎಂದು ಕೇಳಿದವರಿಗೆ ವಿಷಯವನ್ನು ತಿಳಿಸಿದಾಗ ಅವರೂ ನಕ್ಕಿದ್ದರು. "ಬ್ಯಾರೆ ಏನೂ ಸಿಗಲಿಲ್ಲೇನೋ ನಿನಗ?" ಎಂದು ಒಬ್ಬನು ಕೇಳಿಯೂ ಬಿಟ್ಟನು. ಅವನನ್ನು ಆಕ್ಷೇಪಿಸುವಂತಿಲ್ಲ. ಜ್ವರ ಬಂದರೆ ನಾವು ನೆರೆಮನೆಗೆ ಹೇಳುತ್ತೇವೆ. ಹಲ್ಲು ನೋಯುತ್ತಿದ್ದರೆ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಅಪರಿಚಿತನಿಗೂ ಹೇಳುತ್ತೇವೆ. ಮೂಲವ್ಯಾಧಿಯನ್ನು ಮಾತ್ರ ಮನೆಯವರಿಗೂ ಹೇಳುವುದಿಲ್ಲ. ಹೀಗೆ ಹೇಳದೆ ಇರುವುದರಿಂದ ಆಗುವ ಹಾನಿಯನ್ನು ನಮ್ಮ ಮನೆಯಲ್ಲಿಯೇ ಕಂಡೆನಾದುದರಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇನೆ. ನಾನು ಕಲಾ ವಿಭಾಗದ ವಿದ್ಯಾರ್ಥಿ, ವೈದ್ಯನಲ್ಲ. ವೈದ್ಯರು ತಿಳಿಸಿ ಹೇಳಿದುದನ್ನೂ ಆ ಮೇಲೆ ನಾನು ಓದಿ ತಿಳಿದುಕೊಂಡುದನ್ನೂ ಸಹಪಾಠಿಗಳ ಮುಂದೆ ಇಡುವುದಷ್ಟೇ ನನ್ನ ಉದ್ದೇಶ.

ನಮ್ಮ ಕಾಕಾ ಸಂಕೇಶ್ವರದಲ್ಲಿ ಮೆಣಸಿನಕಾಯಿಯ ವ್ಯಾಪಾರ ಮಾಡುವವರು. ಸಂಕೇಶ್ವರದ ಮೆಣಸಿನಕಾಯಿಯ ಹೆಸರನ್ನು ಕೇಳದವರು ಈ ಭಾಗದಲ್ಲಿ ವಿರಳ. ಬೆಳಗಿನಿಂದ ಸಂಜೆಯವರೆಗೆ ಅಂಗಡಿಯ ಗಾದಿಯ ಮೇಲೆ ಕುಳಿತಿರುವುದು ಅವರ ಉದ್ಯೋಗ. ಕಳೆದ ಎರಡು ವರ್ಷಗಳಿಂದ ಅವರ ಮುಖ ಬಿಳಿಚಿಕೊಳ್ಳುತ್ತ ಬಂದಿತ್ತು. ಹಿರಣ್ಯಕೇಶಿಯ ದಂಡೆಯವರೆಗೆ ದಿನಾಲು ನಡೆದು ಬರುತ್ತಿದ್ದವರು ಮನೆಯ ಮೆಟ್ಟಿಲು ಏರುವಾಗಲೂ ನಿಂತು ಉಸಿರು ತೆಗೆದುಕೊಳ್ಳತೊಡಗಿದರು. ಈ ನಡುವೆ ಎದೆನೋವು ಕಾಣಿಸಿಕೊಂಡು, ಹೃದಯದ ಧಮನಿಯಲ್ಲಿ ಒಂದು ಸ್ಟೆಂಟ್ ಹಾಕಿಸಬೇಕಾಯಿತು. ಎಲ್ಲರೂ ದಣಿವಿಗೆ ಹೃದಯವೇ ಕಾರಣವೆಂದು ಭಾವಿಸಿದೆವು. ಸ್ಟೆಂಟ್ ಹಾಕಿಸಿ ಏಳು ತಿಂಗಳು ಕಳೆದ ಮೇಲೆ ಒಂದು ದಿನ ಅಂಗಡಿಯಲ್ಲಿಯೇ ಕಣ್ಣುಕತ್ತಲೆ ಬಂದು ಬಿದ್ದರು. ಆಸ್ಪತ್ರೆಯಲ್ಲಿ ರಕ್ತವನ್ನು ಪರೀಕ್ಷಿಸಿದಾಗ ಹಿಮೋಗ್ಲೋಬಿನ್ ಆರು ಗ್ರಾಮಿಗಿಂತ ಸ್ವಲ್ಪ ಮೇಲೆ ಇತ್ತು. ಪ್ರಾಯದ ಗಂಡಸರಲ್ಲಿ ಅದು ೧೩ ಗ್ರಾಮಿಗಿಂತ ಕಡಿಮೆಯಾದರೆ ರಕ್ತಹೀನತೆಯೆಂದು ಲೆಕ್ಕ.

"ಶೌಚದಾಗ ರಕ್ತ ಹೊಕ್ಕೈತೇನ್ರಿ?" ಎಂದು ವೈದ್ಯರು ಕೇಳಿದರು.

ಕಾಕಾ ನನ್ನ ಕಡೆಗೊಮ್ಮೆ ನೋಡಿ, "ಒಂದ ತಿಂಗಳಾತ್ರಿ, ಸ್ವಲ್ಪ ಸ್ವಲ್ಪ" ಎಂದರು.

ಬಾಗಿಲ ಬಳಿ ನಿಂತಿದ್ದ ಕಾಕೂ ಮೆಲ್ಲಗೆ, "ಸುಳ್ಳ ಹೇಳಬ್ಯಾಡ್ರಿ. ಮೂರ ವರ್ಷ ಆತು. ಧೋತರ ಒಗಿಯಾಕಿ ನಾನಲ್ಲೇನು?" ಎಂದಳು.

ಮೂರು ವರ್ಷಗಳ ಕಾಲ ಅವರು ಅವಳಿಗೆ ಹೇಳಿರಲಿಲ್ಲ. ಅವಳು ಬಲ್ಲೆನೆಂದು ಅವರಿಗೆ ಹೇಳಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಮಾನಕ್ಕೆ ಅಂಜಿ ಮೌನವಾಗಿದ್ದರು. ಈ ಮೂರು ವರ್ಷಗಳಲ್ಲಿ ಹೋದ ರಕ್ತದ ಲೆಕ್ಕವನ್ನು ವೈದ್ಯರು ನನಗೆ ಹೀಗೆ ತಿಳಿಸಿದರು: ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುತ್ತದೆ. ದಿನಕ್ಕೆ ಒಂದು ಸಣ್ಣ ಚಮಚೆಯಷ್ಟು, ಎಂದರೆ ೫ ಮಿಲಿಲೀಟರ್ ರಕ್ತ ಹೋದರೆ ಎರಡೂವರೆ ಮಿಲಿಗ್ರಾಂ ಕಬ್ಬಿಣ ಹೋದಂತಾಯಿತು. ಉಂಡ ಅನ್ನದಿಂದ ದೇಹವು ಸಾಮಾನ್ಯವಾಗಿ ಹೀರಿಕೊಳ್ಳುವುದು ದಿನಕ್ಕೆ ಒಂದರಿಂದ ಎರಡು ಮಿಲಿಗ್ರಾಂ ಮಾತ್ರ. ಆದಾಯಕ್ಕಿಂತ ವೆಚ್ಚ ಹೆಚ್ಚಾದ ಅಂಗಡಿಯು ದಿವಾಳಿಯಾಗದೆ ಇನ್ನೇನಾದೀತು?

ರೋಗದ ಸ್ವರೂಪ

ಮೂಲವ್ಯಾಧಿ ಎಂದರೆ ಹೊರಗಿನಿಂದ ಬಂದು ಬೆಳೆದ ಗಂಟು ಎಂದು ನಮ್ಮಲ್ಲಿ ಅನೇಕರ ಕಲ್ಪನೆ. ಅದು ಸರಿಯಲ್ಲ. ಗುದದ್ವಾರದ ಒಳಭಾಗದಲ್ಲಿ ಪ್ರತಿಯೊಬ್ಬ ಮನುಷ್ಯನಿಗೂ ಹುಟ್ಟಿನಿಂದಲೇ ಮೂರು ಮೆತ್ತನೆಯ ದಿಂಬುಗಳಿರುತ್ತವೆ. ಸಣ್ಣ ಸಣ್ಣ ರಕ್ತನಾಳಗಳು, ಸ್ನಾಯುವಿನ ಎಳೆಗಳು ಮತ್ತು ಅವುಗಳನ್ನು ಹಿಡಿದಿಡುವ ಜೋಡಣಾ ಅಂಗಾಂಶ ಇವುಗಳಿಂದ ಅವು ಆಗಿವೆ. ಬಾಗಿಲಿನ ಸಂದಿಗೆ ಬಟ್ಟೆಯನ್ನು ತುರುಕಿ ಗಾಳಿಯನ್ನು ತಡೆಯುವಂತೆ, ಈ ದಿಂಬುಗಳು ಗುದದ್ವಾರವನ್ನು ಬಿಗಿಯಾಗಿ ಮುಚ್ಚಲು ನೆರವಾಗುತ್ತವೆ. ಥಾಮ್ಸನ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯರು ೧೯೭೫ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಈ ವಿಚಾರವು ಸ್ಪಷ್ಟವಾಯಿತು. ಬಹಳ ದಿನಗಳ ಮಲಬದ್ಧತೆ, ಶೌಚದಲ್ಲಿ ಮುಕ್ಕುವುದು, ಬಹಳ ಹೊತ್ತು ಕುಳಿತಿರುವುದು, ಬಸಿರು, ವಯಸ್ಸು ಮುಂತಾದವುಗಳಿಂದ ದಿಂಬುಗಳನ್ನು ಹಿಡಿದಿಟ್ಟ ಎಳೆಗಳು ಸಡಿಲಾಗುತ್ತವೆ. ಆಗ ಅವು ಉಬ್ಬಿ ಕೆಳಕ್ಕೆ ಜಾರುವುವು. ಇದೇ ಒಳಮೂಲವ್ಯಾಧಿ.

ವೈದ್ಯರು ಇದನ್ನು ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ. ಮೊದಲನೆಯ ಹಂತದಲ್ಲಿ ರಕ್ತ ಹೋಗಬಹುದೇ ಹೊರತು ದಿಂಬು ಹೊರಗೆ ಬರುವುದಿಲ್ಲ. ಎರಡನೆಯದರಲ್ಲಿ ಶೌಚದ ವೇಳೆಗೆ ಹೊರಬಂದು ತಾನಾಗಿಯೇ ಒಳಗೆ ಹೋಗುವುದು. ಮೂರನೆಯದರಲ್ಲಿ ಕೈಯಿಂದ ಒಳದೂಡಬೇಕಾಗುವುದು. ನಾಲ್ಕನೆಯದರಲ್ಲಿ ದೂಡಿದರೂ ಒಳಗೆ ನಿಲ್ಲದು. ಕಾಕಾ ಅವರದು ಎರಡನೆಯ ಹಂತ.

ಈ ಒಳದಿಂಬುಗಳಿರುವ ಜಾಗದಲ್ಲಿ ಚರ್ಮದಲ್ಲಿರುವಂತೆ ನೋವನ್ನು ತಿಳಿಸುವ ನರಗಳಿಲ್ಲ. ಆದುದರಿಂದ ಒಳಮೂಲವ್ಯಾಧಿಯಲ್ಲಿ ರಕ್ತ ಹೋಗುವುದು, ಆದರೆ ಸಾಮಾನ್ಯವಾಗಿ ನೋವು ಇರುವುದಿಲ್ಲ. ನೋವಿಲ್ಲವಾದ್ದರಿಂದ ರೋಗಿಯು ವರ್ಷಗಟ್ಟಲೆ ಸುಮ್ಮನಿರಲು ಸಾಧ್ಯವಾಗುತ್ತದೆ. ಶೌಚದ ಕಾಲಕ್ಕೆ ಕತ್ತರಿಸಿದಂತೆ ನೋವಾದರೆ ಅದು ಬಹುಮಟ್ಟಿಗೆ ಗುದದ ಸೀಳುಗಾಯವಾಗಿರುತ್ತದೆ. ಅದು ಬೇರೆಯೇ ರೋಗ.

ಇನ್ನೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಮೂಲವ್ಯಾಧಿಯಲ್ಲಿ ಹೋಗುವ ರಕ್ತವು ಕಪ್ಪಲ್ಲ, ಕುಂಕುಮದಂತೆ ಕೆಂಪು. ಹಿಂದೆ ಇದನ್ನು ಕಾಲಿನಲ್ಲಿ ಉಬ್ಬುವ ಅಭಿಧಮನಿಗಳಂತಹ ರೋಗವೆಂದು ತಿಳಿಯುತ್ತಿದ್ದರು. ಅಭಿಧಮನಿಯ ರಕ್ತವಾಗಿದ್ದರೆ ಅದು ಕಪ್ಪುಗೆಂಪಾಗಿರಬೇಕಾಗಿತ್ತು. ದಿಂಬುಗಳ ಒಳಗೆ ಧಮನಿಯ ಕವಲುಗಳು ನೇರವಾಗಿ ಅಭಿಧಮನಿಯ ಜಾಲವನ್ನು ಕೂಡುತ್ತವೆಂಬುದು ತಿಳಿದ ಮೇಲೆ ಈ ಕೆಂಪು ಬಣ್ಣದ ಕಾರಣವೂ ತಿಳಿಯಿತು. ಹೃದಯದಿಂದ ಬರುವ ಹೊಸ ರಕ್ತವೇ ಇಲ್ಲಿ ಸೋರುತ್ತದೆ. ಪ್ರಕೃತ ಲೇಖನದ ವಿಷಯವಾದ ಚಿಕಿತ್ಸೆಯು ನಿಂತಿರುವುದು ಈ ಒಂದು ಅರಿವಿನ ಮೇಲೆ.

ಹಿಂದಿನ ಚಿಕಿತ್ಸೆಗಳು

ಇದು ಹೊಸ ರೋಗವಲ್ಲ. ಸುಶ್ರುತನು ಎಂಟು ಮಹಾರೋಗಗಳನ್ನು ಎಣಿಸುವಾಗ ಅರ್ಶಸ್ಸನ್ನೂ ಅವುಗಳಲ್ಲಿ ಸೇರಿಸಿದ್ದಾನೆ. ಔಷಧಿ, ಕ್ಷಾರ, ಅಗ್ನಿ, ಶಸ್ತ್ರ ಎಂಬ ನಾಲ್ಕು ಉಪಾಯಗಳನ್ನು ಅವನು ಹೇಳುತ್ತಾನೆ. ಒಳಗೆ ನೋಡುವುದಕ್ಕಾಗಿ ಹಸುವಿನ ಮೊಲೆಯ ಆಕಾರದ ಒಂದು ಯಂತ್ರವನ್ನೂ ವರ್ಣಿಸಿದ್ದಾನೆ. ಇಂದಿನ ವೈದ್ಯರು ಬಳಸುವ ನಳಿಕೆಗೂ ಅದಕ್ಕೂ ಇರುವ ಹೋಲಿಕೆಯನ್ನು ಕಂಡರೆ ಆಶ್ಚರ್ಯವಾಗುತ್ತದೆ.

ಆಧುನಿಕ ಕಾಲದಲ್ಲಿ ೧೯೩೭ರಲ್ಲಿ ಮಿಲಿಗನ್ ಮತ್ತು ಮಾರ್ಗನ್ ಎಂಬ ಲಂಡನ್ನಿನ ಶಸ್ತ್ರವೈದ್ಯರು ವಿವರಿಸಿದ ಪದ್ಧತಿಯಲ್ಲಿ ಉಬ್ಬಿದ ದಿಂಬುಗಳನ್ನು ಕತ್ತರಿಸಿ ತೆಗೆಯುತ್ತಾರೆ. ರೋಗವು ಮರಳುವುದು ಕಡಿಮೆ. ಆದರೆ ಗಾಯ ಮಾಯುವವರೆಗೆ ಕೆಲವು ವಾರಗಳ ನೋವನ್ನು ಸಹಿಸಬೇಕು. ೧೯೬೩ರಲ್ಲಿ ಅಮೆರಿಕದ ಬ್ಯಾರನ್ ಎಂಬುವರು ದಿಂಬಿನ ಬುಡಕ್ಕೆ ರಬ್ಬರಿನ ಸಣ್ಣ ಉಂಗುರವನ್ನು ಬಿಗಿಯುವ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ರಕ್ತ ದೊರೆಯದ ತುದಿಭಾಗವು ಕೆಲವು ದಿನಗಳಲ್ಲಿ ಒಣಗಿ ಬೀಳುವುದು. ಇದು ಸುಲಭವೂ ಅಗ್ಗವೂ ಆದುದರಿಂದ ಇಂದಿಗೂ ಬಹಳ ಬಳಕೆಯಲ್ಲಿದೆ. ೧೯೯೫ರಲ್ಲಿ ಜಪಾನಿನ ಮೊರಿನಾಗ ಎಂಬುವರು ಒಂದು ಹೆಜ್ಜೆ ಮುಂದೆ ಹೋದರು. ಧ್ವನಿತರಂಗಗಳ ಉಪಕರಣದಿಂದ ದಿಂಬಿಗೆ ರಕ್ತ ತರುವ ಧಮನಿಯ ಮಿಡಿತವನ್ನು ಕೇಳಿ, ಅದೇ ಸ್ಥಳದಲ್ಲಿ ಹೊಲಿಗೆ ಹಾಕಿ ಕಟ್ಟುವುದು ಅವರ ರೀತಿ. ದಿಂಬಿನ ಬದಲು ಅದಕ್ಕೆ ಬರುವ ರಕ್ತವನ್ನೇ ತಡೆಯಬೇಕೆಂಬ ವಿಚಾರವು ಇಲ್ಲಿಂದ ಬಲಗೊಂಡಿತು.

ಕಾಕಾ ಅವರ ಸಂಗತಿಯಲ್ಲಿ ತೊಡಕು ಬಂದುದು ಇಲ್ಲಿಯೇ. ಸ್ಟೆಂಟ್ ಹಾಕಿದವರು ರಕ್ತ ಹೆಪ್ಪುಗಟ್ಟದಂತೆ ಮಾತ್ರೆಗಳನ್ನು ತೆಗೆದುಕೊಳ್ಳಬೇಕು. ಆ ಮಾತ್ರೆಗಳಿಂದ ಮೂಲವ್ಯಾಧಿಯ ರಕ್ತ ಇನ್ನಷ್ಟು ಹೋಗತೊಡಗಿತ್ತು. ಮಾತ್ರೆಗಳನ್ನು ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಕೊಂಡು ಹೃದಯಕ್ಕೆ ಅಪಾಯ. ನಿಲ್ಲಿಸದೆ ಕತ್ತರಿಸಿದರೆ ಅಥವಾ ಉಂಗುರ ಬಿಗಿದರೆ ರಕ್ತಸ್ರಾವದ ಭಯ. ಅತ್ತ ದರಿ, ಇತ್ತ ಪುಲಿ ಎಂಬಂತಾಯಿತು. ಆಗ ಬೆಳಗಾವಿಯ ವೈದ್ಯರೊಬ್ಬರು, "ಮೂಲವ್ಯಾಧಿಗೆ ರಕ್ತ ಒಯ್ಯುವ ಧಮನಿಯನ್ನ ಒಳಗಿನಿಂದಲೇ ಮುಚ್ಚಬಹುದು. ಹೃದಯಕ್ಕೆ ಸ್ಟೆಂಟ್ ಹಾಕಿದ ದಾರಿಯಿಂದಲೇ ಹೋಗೂದು. ಅಲ್ಲಿ ದಾರಿ ತೆರೆದರು, ಇಲ್ಲಿ ಮುಚ್ಚತಾರ, ಅಷ್ಟ ಫರಕು" ಎಂದು ಹೇಳಿದರು. ಇದಕ್ಕೆ ಬೇಕಾದ ನುರಿತ ವೈದ್ಯರಿರುವ ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಚೀಟಿಯನ್ನೂ ಬರೆದುಕೊಟ್ಟರು.

ರಕ್ತದ ಕಾಲುವೆಗಳು

ಈ ಚಿಕಿತ್ಸೆಯನ್ನು ತಿಳಿಯಲು ನಮ್ಮ ಭಾಗದವರಿಗೆ ದೂರದ ಉದಾಹರಣೆ ಬೇಕಿಲ್ಲ. ಘಟಪ್ರಭೆಯ ನೀರು ಹಿಡಕಲ್ ಜಲಾಶಯದಲ್ಲಿ ನಿಲ್ಲುತ್ತದೆ. ಕೆಳಗೆ ಧೂಪದಾಳದ ಒಡ್ಡಿನಿಂದ ಎಡದಂಡೆಯ ಕಾಲುವೆಯಾಗಿ ಹೊರಡುತ್ತದೆ. ದೊಡ್ಡ ಕಾಲುವೆಯಿಂದ ಕವಲುಕಾಲುವೆ, ಕವಲುಕಾಲುವೆಯಿಂದ ಹೊಲಗಾಲುವೆ, ಹೀಗೆ ಗೋಕಾಕ, ಮೂಡಲಗಿ ಕಡೆಯ ಕಬ್ಬಿನ ಹೊಲಗಳವರೆಗೆ ಅದು ಹರಿಯುವುದು. ಎಲ್ಲಿ ಬೇಕಾದುದಕ್ಕಿಂತ ಹೆಚ್ಚು ನೀರು ನಿರಂತರವಾಗಿ ಹರಿಯುತ್ತದೋ ಅಲ್ಲಿ ಭೂಮಿ ಜವಳಾಗುತ್ತದೆ. ಕಾಲಿಟ್ಟರೆ ಹುಗಿಯುತ್ತದೆ, ಒತ್ತಿದರೆ ನೀರು ಒಸರುತ್ತದೆ.

ನಮ್ಮ ದೇಹದಲ್ಲಿ ಹೃದಯದಿಂದ ಹೊರಟ ಮಹಾಧಮನಿಯು ಬೆನ್ನೆಲುಬಿನ ಮುಂಭಾಗದಲ್ಲಿ ಕೆಳಗಿಳಿಯುತ್ತದೆ. ಸೊಂಟದ ಮೂರನೆಯ ಮಣಿಯ ಮಟ್ಟದಲ್ಲಿ ಅದರಿಂದ ದೊಡ್ಡಕರುಳಿನ ಕೆಳಭಾಗಕ್ಕೆ ಒಂದು ಕವಲು ಹೊರಡುವುದು. ಆ ಕವಲಿನ ಕೊನೆಯ ಭಾಗವೇ ಗುದನಾಳದ ಮೇಲಿನ ಧಮನಿ. ಅದು ಬಲ ಮತ್ತು ಎಡವಾಗಿ ಒಡೆದು, ಮತ್ತೆ ಕವಲುಗಳಾಗಿ ದಿಂಬುಗಳನ್ನು ತಲುಪುತ್ತದೆ. ಇದಲ್ಲದೆ ಸೊಂಟದ ಒಳಗಿನ ಧಮನಿಗಳಿಂದ ಹೊರಡುವ ನಡುವಿನ ಧಮನಿಯೂ ಕೆಳಗಿನ ಧಮನಿಯೂ ಅದೇ ಪ್ರದೇಶಕ್ಕೆ ರಕ್ತವನ್ನು ತರುತ್ತವೆ. ಮೂಲವ್ಯಾಧಿ ಇರುವವರಲ್ಲಿ ಮೇಲಿನ ಧಮನಿಯ ಕವಲುಗಳು ಹಿಗ್ಗಿದ್ದು, ಅವುಗಳಲ್ಲಿ ರಕ್ತವು ಹೆಚ್ಚಾಗಿ ಹರಿಯುವುದು ಕಂಡುಬಂದಿದೆ.

ಎಂದ ಮೇಲೆ ಜವಳು ಭೂಮಿಯನ್ನು ಅಗೆದು ತೆಗೆಯುವುದು ಒಂದು ಉಪಾಯ. ಮೇಲಿನ ತೂಬನ್ನು ಇಳಿಸುವುದು ಇನ್ನೊಂದು. ತೂಬನ್ನು ಇಳಿಸಿದರೆ ಬೆಳೆ ಒಣಗಲಾರದೆ? ಇಲ್ಲ, ಪಕ್ಕದ ಎರಡು ಕಾಲುವೆಗಳಿಂದ ನೀರು ಬರುತ್ತಲೇ ಇರುವುದು. ಅದರಂತೆಯೇ ಮೇಲಿನ ಧಮನಿಯ ತುದಿಕವಲುಗಳನ್ನು ಮುಚ್ಚಿದರೂ ನಡುವಿನ ಮತ್ತು ಕೆಳಗಿನ ಧಮನಿಗಳು ಗುದನಾಳವನ್ನು ಪೋಷಿಸುತ್ತವೆ. ಹೆಚ್ಚಾದ ಹರಿವು ಮಾತ್ರ ತಗ್ಗುತ್ತದೆ.

ಧಮನಿಯೊಳಗಿನ ದಾರಿ

ಧಮನಿಯ ಒಳಗೇ ಪ್ರಯಾಣ ಮಾಡುವ ಈ ವಿದ್ಯೆ ಒಬ್ಬರಿಂದ ಒಂದೇ ದಿನದಲ್ಲಿ ಹುಟ್ಟಿದುದಲ್ಲ. ರಾಂಟ್‌ಜನ್ನರು ೧೮೯೫ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದರು. ಆದರೆ ಆ ಕಿರಣಗಳಲ್ಲಿ ಎಲುಬು ಕಾಣುವುದೇ ಹೊರತು ರಕ್ತನಾಳ ಕಾಣದು. ೧೯೨೭ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ಧಮನಿಯೊಳಗೆ ಅಯೋಡಿನ್ ಬೆರೆತ ದ್ರವವನ್ನು ಸೇರಿಸಿ ಮಿದುಳಿನ ರಕ್ತನಾಳಗಳ ಚಿತ್ರವನ್ನು ತೆಗೆದರು. ೧೯೫೩ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಒಂದು ಸರಳವಾದ ಉಪಾಯವನ್ನು ಪ್ರಕಟಿಸಿದರು. ಮೊದಲು ಸೂಜಿಯಿಂದ ಧಮನಿಯನ್ನು ಚುಚ್ಚುವುದು; ಸೂಜಿಯೊಳಗಿನಿಂದ ತೆಳುವಾದ ತಂತಿಯನ್ನು ತೂರಿಸುವುದು; ಸೂಜಿಯನ್ನು ಹೊರಗೆಳೆದು, ತಂತಿಯ ಮೇಲಿನಿಂದ ನಳಿಕೆಯನ್ನು ಒಳಗೆ ಸರಿಸುವುದು. ಚರ್ಮವನ್ನು ಕೊಯ್ದು ಧಮನಿಯನ್ನು ಹುಡುಕುವ ಕಷ್ಟವು ಇದರಿಂದ ತಪ್ಪಿತು. ಇಂದಿಗೂ ಆಂಜಿಯೋಗ್ರಾಂ ಎಂದು ನಮ್ಮ ಹಳ್ಳಿಗರೂ ಹೇಳುವ ಪರೀಕ್ಷೆಯು ನಡೆಯುವುದು ಇದೇ ಕ್ರಮದಲ್ಲಿ.

ಮುಂದೆ ೧೯೬೪ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಡಾಟರ್ ಎಂಬ ವೈದ್ಯರ ಬಳಿಗೆ ೮೨ ವರ್ಷದ ಮುದುಕಿಯೊಬ್ಬಳು ಬಂದಳು. ಅವಳ ಪಾದವು ರಕ್ತವಿಲ್ಲದೆ ಕೊಳೆಯತೊಡಗಿತ್ತು. ಕಾಲನ್ನು ಕತ್ತರಿಸಬೇಕೆಂದು ಶಸ್ತ್ರವೈದ್ಯರು ಹೇಳಿದಾಗ ಅವಳು ಒಪ್ಪಲಿಲ್ಲ. ಡಾಟರ್ ಅವರು ಧಮನಿಯೊಳಗೆ ನಳಿಕೆಯನ್ನು ತೂರಿಸಿ ಕಿರಿದಾದ ಸ್ಥಳವನ್ನು ಹಿಗ್ಗಿಸಿದರು, ಕಾಲು ಉಳಿಯಿತು. ಅಂದಿನಿಂದ ನಳಿಕೆಯು ಪರೀಕ್ಷೆಯ ಸಾಧನವಾಗಿ ಮಾತ್ರ ಉಳಿಯದೆ ಚಿಕಿತ್ಸೆಯ ಸಾಧನವೂ ಆಯಿತು. ೧೯೭೫ರಲ್ಲಿ ಇಟಲಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಜಿಯಾಂಟುರ್ಕೊ ಎಂಬುವರು ಧಮನಿಯನ್ನು ಮುಚ್ಚುವುದಕ್ಕಾಗಿ ಉಣ್ಣೆಯ ಎಳೆಗಳನ್ನು ಕಟ್ಟಿದ ಉಕ್ಕಿನ ಸುರುಳಿಯನ್ನು ಬಳಕೆಗೆ ತಂದರು. ಇಂದಿನ ಸುರುಳಿಗಳು ಸಾಮಾನ್ಯವಾಗಿ ಪ್ಲಾಟಿನಂ ಲೋಹದವು. ಅವನ್ನು ಕಾಯಿಲ್ ಎಂದು ಕರೆಯುತ್ತಾರೆ.

ಮೂಲವ್ಯಾಧಿಗೆ ಈ ವಿದ್ಯೆಯನ್ನು ಅನ್ವಯಿಸಿದವರಲ್ಲಿ ರಷ್ಯದ ಗಾಲ್ಕಿನ್ ಅವರು ಮೊದಲಿಗರು. ಅವರ ಲೇಖನ ೧೯೯೪ರಲ್ಲಿ ಪ್ರಕಟವಾಯಿತು. ಆದರೆ ಹೊರಗಿನ ಪ್ರಪಂಚವು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಇಪ್ಪತ್ತು ವರ್ಷಗಳ ತರುವಾಯ, ೨೦೧೪ರಲ್ಲಿ, ಫ್ರಾನ್ಸಿನ ಮಾರ್ಸೇಲ್ ನಗರದ ವಿದಾಲ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಎಂಬೊರಾಯ್ಡ್ ಎಂಬ ಹೆಸರಿನಿಂದ ವಿವರಿಸಿದರು. ಕಾಕಾ ಅವರಂತೆ ಶಸ್ತ್ರಕ್ರಿಯೆಗೆ ಅನುಕೂಲವಿಲ್ಲದ ೧೪ ಮಂದಿ ರಕ್ತಸ್ರಾವದ ರೋಗಿಗಳಲ್ಲಿ ಅವರು ಮಾಡಿದ ಪ್ರಯೋಗದಲ್ಲಿ ಒಂದು ತಿಂಗಳ ಹೊತ್ತಿಗೆ ಹತ್ತರಲ್ಲಿ ಏಳರಷ್ಟು ಮಂದಿಗೆ ಗುಣ ಕಂಡಿತು. ಆ ಮೇಲೆ ಬೇರೆ ಬೇರೆ ದೇಶಗಳ ವೈದ್ಯರು ಇದನ್ನು ಕೈಕೊಂಡಿದ್ದಾರೆ.

ನಾನು ಕಂಡ ಚಿಕಿತ್ಸೆ

ಚಿಕಿತ್ಸೆಗೆ ಮೊದಲು ಕಾಕಾ ಅವರ ದೊಡ್ಡಕರುಳನ್ನೆಲ್ಲ ದುರ್ಬೀನಿನ ನಳಿಕೆಯಿಂದ ನೋಡಿದರು. ಮೂಲವ್ಯಾಧಿಯೆಂದು ಗೊತ್ತಾದ ಮೇಲೆ ಇದೇಕೆ ಎಂದು ನಾನು ಕೇಳಿದೆ. ಆಗ ವೈದ್ಯರು ಕೊಟ್ಟ ಉತ್ತರವನ್ನು ಪ್ರತಿಯೊಬ್ಬರೂ ನೆನಪಿನಲ್ಲಿಡಬೇಕು: ಕೆಂಪಾಗಿ ಹೋಗುವ ರಕ್ತವೆಲ್ಲ ಮೂಲವ್ಯಾಧಿಯದಲ್ಲ. ಗುದನಾಳದ ಕ್ಯಾನ್ಸರಿನಲ್ಲಿಯೂ ಹಾಗೆಯೇ ರಕ್ತ ಹೋಗಬಹುದು.

ಈ ಮಾತನ್ನು ಕೇಳಿದಾಗ ನನಗೆ ನಮ್ಮ ಓಣಿಯ ಹಿರಿಯರೊಬ್ಬರ ನೆನಪಾಯಿತು. ಮೂಲವ್ಯಾಧಿಯೆಂದು ತಾವೇ ನಿರ್ಣಯಿಸಿಕೊಂಡು, ಸಂತೆಯಲ್ಲಿ ಮಾರುವ ಪುಡಿಯನ್ನು ಎರಡು ವರ್ಷ ಮಜ್ಜಿಗೆಯಲ್ಲಿ ಕುಡಿದರು. ಕೊನೆಗೆ ಪರೀಕ್ಷೆಯಾದಾಗ ಅದು ಕ್ಯಾನ್ಸರು, ಯಕೃತ್ತಿಗೂ ಹಬ್ಬಿತ್ತು. ಆರು ತಿಂಗಳು ಅವರು ಬದುಕಲಿಲ್ಲ. ಮೊದಲ ದಿನವೇ ಬೆರಳಿನಿಂದ ಪರೀಕ್ಷಿಸಿದ್ದರೆ ತಿಳಿಯಬಹುದಾಗಿದ್ದ ರೋಗವದು.

ಕಾಕಾ ಅವರಿಗೆ ಮೊದಲು ರಕ್ತವನ್ನು ಕೊಟ್ಟರು. ಎರಡು ದಿನಗಳ ಮೇಲೆ ಚಿಕಿತ್ಸೆಯ ಕೋಣೆಗೆ ಒಯ್ದರು. ಪೂರ್ಣ ಅರಿವಳಿಕೆ ಇಲ್ಲ. ತೊಡೆಯ ಸಂದಿನಲ್ಲಿ ಮಾತ್ರ ಜೋಮು ಹಿಡಿಯುವ ಚುಚ್ಚುಮದ್ದು. ಕೆಲವರಿಗೆ ಮಣಿಕಟ್ಟಿನ ಧಮನಿಯಿಂದಲೂ ಹೋಗುತ್ತಾರೆ. ಸೆಲ್ಡಿಂಗರ್ ಹೇಳಿದ ಕ್ರಮದಲ್ಲಿ ತಂತಿಯನ್ನೂ ನಳಿಕೆಯನ್ನೂ ಮಹಾಧಮನಿಗೆ ಏರಿಸಿ, ಅಲ್ಲಿಂದ ಕರುಳಿನ ಕವಲಿಗೆ ತಿರುಗಿಸಿದರು. ಅದರೊಳಗಿನಿಂದ ಒಂದು ಮಿಲಿಮೀಟರಿಗಿಂತ ತೆಳುವಾದ ಇನ್ನೊಂದು ನಳಿಕೆಯನ್ನು ಗುದನಾಳದ ಮೇಲಿನ ಧಮನಿಯವರೆಗೆ ಇಳಿಸಿದರು. ಗಾಜಿನ ಆಚೆಗೆ ನಿಂತು ನೋಡಲು ನನಗೆ ಅನುಮತಿ ದೊರೆತಿತ್ತು. ದ್ರವವನ್ನು ಬಿಟ್ಟೊಡನೆ ಪರದೆಯ ಮೇಲೆ ಎಲೆಯುದುರಿದ ಗಿಡವನ್ನು ತಲೆಕೆಳಗಾಗಿ ಹಿಡಿದಂತೆ ಕಪ್ಪು ಕವಲುಗಳು ಕಾಣಿಸಿದವು. ಅವುಗಳ ತುದಿಯಲ್ಲಿ ಮಸಿ ಚೆಲ್ಲಿದಂತೆ ಕಂಡ ಭಾಗವೇ ಮೂಲವ್ಯಾಧಿಯ ದಿಂಬುಗಳು.

ಎರಡು ಮೂರು ಮಿಲಿಮೀಟರ್ ಅಗಲದ ಸುರುಳಿಗಳನ್ನು ಒಂದೊಂದಾಗಿ ಕವಲುಗಳಲ್ಲಿ ಬಿಟ್ಟರು. ನಳಿಕೆಯೊಳಗೆ ನೇರವಾದ ತಂತಿಯಂತಿರುವ ಈ ಸುರುಳಿಯು ಹೊರಬಂದೊಡನೆ ತಾನಾಗಿ ಸುತ್ತಿಕೊಳ್ಳುತ್ತದೆ. ಅದರ ಎಳೆಗಳ ಮೇಲೆ ರಕ್ತ ಹೆಪ್ಪುಗಟ್ಟಿ ಧಮನಿಯು ಮುಚ್ಚುತ್ತದೆ. ಕೆಲವು ವೈದ್ಯರು ಸುರುಳಿಗಳ ಜೊತೆಗೆ ಅತಿ ಸಣ್ಣ ಕಣಗಳನ್ನೂ ಬಿಡುವುದುಂಟು. ಮತ್ತೊಮ್ಮೆ ದ್ರವವನ್ನು ಬಿಟ್ಟಾಗ ಗಿಡದ ಕೊಂಬೆಗಳು ಅರ್ಧಕ್ಕೆ ನಿಂತಿದ್ದವು. ಮಸಿಯ ಕಲೆ ಕಾಣಲಿಲ್ಲ. ಒಳಗಿನಿಂದ ಕಾಕಾ, "ಮುಗೀತೇನ್ರಿ? ನೀವು ಸುರು ಮಾಡಿದ್ದ ನನಗ ಗೊತ್ತಾಗಲಿಲ್ಲ" ಎಂದುದು ನಮಗೆ ಕೇಳಿಸಿತು. ಒಟ್ಟು ಒಂದು ತಾಸಿಗಿಂತ ಸ್ವಲ್ಪ ಹೆಚ್ಚು ಕಾಲ ಹಿಡಿಯಿತು. ಆ ಮೇಲೆ ಕೆಲವು ತಾಸು ಕಾಲನ್ನು ಮಡಚದೆ ಮಲಗಿದ್ದು, ಮರುದಿನ ಸಂಜೆ ಊರಿಗೆ ಹೊರಟೆವು.

ಗುಣವೂ ಮಿತಿಯೂ

ಇದನ್ನು ಓದಿ ಇದೊಂದು ಪವಾಡವೆಂದು ಯಾರೂ ಭಾವಿಸಬಾರದು. ರಕ್ತ ಆ ದಿನವೇ ನಿಲ್ಲಲಿಲ್ಲ. ಎರಡು ಮೂರು ವಾರಗಳಲ್ಲಿ ಕಡಿಮೆಯಾಗುತ್ತ ಬಂದು ನಿಂತಿತು. ಕಬ್ಬಿಣದ ಮಾತ್ರೆಗಳಿಂದ ಹಿಮೋಗ್ಲೋಬಿನ್ ಮೂರು ತಿಂಗಳಲ್ಲಿ ೧೧ಕ್ಕೆ ಏರಿತು. ಐದನೆಯ ತಿಂಗಳಿನಲ್ಲಿ ಒಂದು ವಾರ ಮತ್ತೆ ಸ್ವಲ್ಪ ರಕ್ತ ಕಾಣಿಸಿತು. ಈ ಸಲ ಕಾಕಾ ಬಚ್ಚಿಡಲಿಲ್ಲ. ಅಂದೇ ಕಾಕೂಗೆ ಹೇಳಿದರು. ನಡುವಿನ ಧಮನಿಯಿಂದ ದಿಂಬುಗಳಿಗೆ ರಕ್ತ ಹರಿದು ಹೀಗಾಗುವುದುಂಟು, ಬೇಕಾದರೆ ಅದನ್ನೂ ಮುಚ್ಚಬಹುದು ಎಂದು ವೈದ್ಯರು ತಿಳಿಸಿದರು. ಪಥ್ಯದಿಂದಲೇ ನಿಂತುದರಿಂದ ಅದರ ಅಗತ್ಯ ಬೀಳಲಿಲ್ಲ.

ಈ ಚಿಕಿತ್ಸೆಯು ಮುಖ್ಯವಾಗಿ ರಕ್ತಸ್ರಾವಕ್ಕೆ. ಹೊರಗೆ ಜೋತುಬಿದ್ದ ನಾಲ್ಕನೆಯ ಹಂತದ ಮೂಲವ್ಯಾಧಿಯನ್ನು ಇದು ಒಳಗೆ ಸೇರಿಸಲಾರದು. ಕತ್ತರಿಸಿ ತೆಗೆಯುವ ಪದ್ಧತಿಗಿಂತ ಇದರಲ್ಲಿ ರಕ್ತಸ್ರಾವ ಮರಳುವ ಸಂಭವ ಹೆಚ್ಚು. ಕ್ಷ-ಕಿರಣವನ್ನು ಬಳಸುವುದರಿಂದ ಬಸುರಿಯರಿಗೆ ಸಲ್ಲದು; ಅಯೋಡಿನ್ ದ್ರವವು ಮೂತ್ರಪಿಂಡದ ರೋಗವಿರುವವರಿಗೆ ತೊಂದರೆ ಕೊಡಬಹುದು. ಚುಚ್ಚಿದ ಸ್ಥಳದಲ್ಲಿ ರಕ್ತ ಕಟ್ಟಿಕೊಳ್ಳುವುದೂ ಉಂಟು. ದೀರ್ಘಕಾಲದ ಅನುಭವವು ಹಳೆಯ ಶಸ್ತ್ರಕ್ರಿಯೆಗಳಿಗೆ ಇರುವಷ್ಟು ಇದಕ್ಕೆ ಇನ್ನೂ ಇಲ್ಲ. ಬೆಲೆಬಾಳುವ ಯಂತ್ರವೂ ವಿಶೇಷ ತರಬೇತಿಯ ವೈದ್ಯರೂ ಬೇಕಾದುದರಿಂದ ತಾಲೂಕು ಆಸ್ಪತ್ರೆಯಲ್ಲಿ ದೊರೆಯುವಂಥದಲ್ಲ. ಹೆಚ್ಚಿನ ರೋಗಿಗಳಿಗೆ ಪಥ್ಯ, ಔಷಧಿ, ರಬ್ಬರಿನ ಉಂಗುರ ಇಷ್ಟೇ ಸಾಕಾಗುತ್ತದೆ. ಅವುಗಳಿಂದ ಗುಣವಾಗದವರಿಗೆ, ಅಥವಾ ಕಾಕಾ ಅವರಂತೆ ಅವು ಸಲ್ಲದವರಿಗೆ, ಇದು ಇನ್ನೊಂದು ಬಾಗಿಲು.

ಮೆಣಸಿನಕಾಯಿಯ ಮಾತು

ಕಾಕಾ ಅವರನ್ನು ನೋಡಲು ಬಂದವರೆಲ್ಲ ಒಂದೇ ಮಾತನ್ನು ಹೇಳುತ್ತಿದ್ದರು: "ಮೆಣಸಿನಕಾಯಿ ವ್ಯಾಪಾರ, ಮೆಣಸಿನಕಾಯಿ ಊಟ, ಇನ್ನೇನಾದೀತು?" ನಮ್ಮೂರಿನ ಬೆಳೆಯ ಮೇಲಿನ ಈ ಆರೋಪವನ್ನು ನಾನು ಸ್ವಲ್ಪ ಶೋಧಿಸಿ ನೋಡಿದೆ. ಇಟಲಿಯ ವೈದ್ಯರು ೨೦೦೬ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ ಮೂಲವ್ಯಾಧಿಯವರಿಗೆ ಒಮ್ಮೆ ಮೆಣಸಿನಪುಡಿಯ ಗುಳಿಗೆಯನ್ನೂ ಇನ್ನೊಮ್ಮೆ ಅದರಂತೆಯೇ ಕಾಣುವ ಸಪ್ಪೆ ಗುಳಿಗೆಯನ್ನೂ, ಯಾವುದು ಯಾವುದೆಂದು ತಿಳಿಸದೆ ಕೊಟ್ಟರು. ತೊಂದರೆಯಲ್ಲಿ ಹೇಳಿಕೊಳ್ಳುವಂಥ ಭೇದವೇನೂ ಕಂಡುಬರಲಿಲ್ಲ. ಗುದದ ಸೀಳುಗಾಯವಿದ್ದವರಿಗೆ ಮಾತ್ರ ಮೆಣಸಿನಕಾಯಿಯಿಂದ ಉರಿ ಹೆಚ್ಚುವುದೆಂದು ನಾಗಪುರದ ವೈದ್ಯರೊಬ್ಬರ ೨೦೦೮ರ ಅಧ್ಯಯನ ತಿಳಿಸುತ್ತದೆ. ಎಂದರೆ ಸಂಕೇಶ್ವರದ ಮೆಣಸಿನಕಾಯಿ ಈ ಮೊಕದ್ದಮೆಯಲ್ಲಿ ಬಹುಮಟ್ಟಿಗೆ ನಿರ್ದೋಷಿ.

ನಿಜವಾಗಿ ನೋಡಬೇಕಾದುದು ನಾರಿನಂಶ ಮತ್ತು ನೀರು. ದಿನಕ್ಕೆ ೨೫ರಿಂದ ೩೦ ಗ್ರಾಂ ನಾರು ಬೇಕೆಂದು ವೈದ್ಯರು ಹೇಳುತ್ತಾರೆ. ನೂರು ಗ್ರಾಂ ಜೋಳದಲ್ಲಿ ಸುಮಾರು ೧೦ ಗ್ರಾಂ ನಾರಿದೆ. ಜೋಳದ ರೊಟ್ಟಿ, ಕಾಳುಪಲ್ಯ, ಮೆಂತೆ, ಪುಂಡಿಪಲ್ಯ ಇರುವ ನಮ್ಮ ಹಿರಿಯರ ಊಟದಲ್ಲಿ ಇದು ತಾನಾಗಿಯೇ ಒದಗುತ್ತಿತ್ತು. ಮೈದಾಹಿಟ್ಟಿನ ತಿಂಡಿ, ಚಹಾ ಇವುಗಳಿಂದಲೇ ಹೊಟ್ಟೆ ತುಂಬಿಸಿಕೊಳ್ಳುವ ನಮ್ಮ ವಸತಿಗೃಹದ ಗೆಳೆಯರು ಇದನ್ನು ವಿಚಾರಿಸಬೇಕು. ಮೊಬೈಲ್ ಹಿಡಿದುಕೊಂಡು ಅರ್ಧ ತಾಸು ಶೌಚಾಲಯದಲ್ಲಿ ಕುಳಿತುಕೊಳ್ಳುವ ಹೊಸ ಚಟವೂ ಒಳ್ಳೆಯದಲ್ಲ.

ಉಪಸಂಹಾರ

ಧಮನಿಯ ಒಳಗೆ ಹೋಗಿ ತೂಬನ್ನು ಇಳಿಸುವ ವಿದ್ಯೆಯನ್ನು ಮನುಷ್ಯನು ಸಾಧಿಸಿದ್ದಾನೆ. ಆದರೆ ರೋಗಿಯು ಬಾಯಿ ತೆರೆಯದೆ ಇದ್ದರೆ ಆ ವಿದ್ಯೆಯಿಂದ ಏನು ಪ್ರಯೋಜನ? ಕಾಕಾ ಅವರಿಗೆ ಮೊದಲು ಬೇಕಾಗಿದ್ದುದು ಪ್ಲಾಟಿನಂ ಸುರುಳಿಯಲ್ಲ. ಸಂಕೇಶ್ವರದಲ್ಲಿಯೇ ದೊರೆಯುತ್ತಿದ್ದ ಒಂದು ರಕ್ತಪರೀಕ್ಷೆ, ವೈದ್ಯರ ಬೆರಳಿನ ಒಂದು ತಪಾಸಣೆ, ಅದಕ್ಕೂ ಮ��ದಲು ಮನೆಯಲ್ಲಿ ಒಂದು ಮಾತು. ಮೂರು ವರ್ಷಗಳ ಹಿಂದೆ ಆ ಮಾತು ಹೊರಟಿದ್ದರೆ, ಆಗ ಅವರಿಗೆ ಸ್ಟೆಂಟೂ ಇರಲಿಲ್ಲವಾದುದರಿಂದ, ಬಹುಶಃ ಒಂದು ರಬ್ಬರಿನ ಉಂಗುರದಲ್ಲಿ ಎಲ್ಲವೂ ಮುಗಿಯುತ್ತಿತ್ತು.

ನಮ್ಮ ತಂದೆತಾಯಿಗಳಲ್ಲಿ, ಅಜ್ಜ ಅಜ್ಜಿಯರಲ್ಲಿ ಎಷ್ಟು ಮಂದಿ ಹೀಗೆ ಸುಮ್ಮನಿರುವರೋ ಬಲ್ಲವರಾರು? ಈ ಸೂಟಿಯಲ್ಲಿ ಊರಿಗೆ ಹೋದಾಗ ಮುಖ ಬಿಳಿಚಿದವರನ್ನು ಕಂಡರೆ, ದಣಿವೆಂದು ಕುಳಿತವರನ್ನು ಕಂಡರೆ, ಸಂಕೋಚ ಬಿಟ್ಟು ಒಂದು ಸಲ ಕೇಳಿರಿ. ಈ ಲೇಖನವನ್ನು ಅಚ್ಚಿಗೆ ಕೊಡಲೇ ಎಂದು ಕಾಕಾ ಅವರನ್ನು ಕೇಳಿದಾಗ ಅವರು ಸ್ವಲ್ಪ ಹೊತ್ತು ವಿಚಾರ ಮಾಡಿ, "ಹೆಸರ ಹಾಕಬ್ಯಾಡ ತಮ್ಮಾ. ಉಳಿದದ್ದೆಲ್ಲಾ ಬರಿ" ಎಂದರು. ಅವರ ಅಪ್ಪಣೆಯಂತೆ ಬರೆದಿದ್ದೇನೆ.